ಎರಡು ನಿಮಿಷದ ಶಿಸ್ತು

ಗಂಟೆ ತಾತ ತೀರಿಕೊಂಡ ಸುದ್ದಿ ಶಾಲೆಗೆ ಮುಟ್ಟಿದ ದಿನವೇ ಶಿಕ್ಷಣ ಇಲಾಖೆಯ ಅಧಿಕಾರಿ ತಪಾಸಣೆಗೆ ಬರುವವರಿದ್ದರು. ಮೂವತ್ತು ವರ್ಷ ಗಂಟೆ ಬಾರಿಸಿದ ಜವಾನ. ಹೆಡ್‌ಮೇಡಂಗೆ ಒಡಹುಟ್ಟಿದ ಅಣ್ಣನಂತಿದ್ದವನು. ಆದರೆ ಅವರಿಗೆ ಅಳಲೂ ಪುರುಸೊತ್ತಿರಲಿಲ್ಲ. ಎರಡು ವರ್ಷದಿಂದ ಶಾಲೆಗೆ ಸಿಗುತ್ತಿದ್ದುದು ‘ಸಿ’ ದರ್ಜೆ. ಈ ಸಲವೂ ಅದೇ ಬಂದರೆ ಬಾಗಿಲಿಗೆ ಬೀಗ, ಮಕ್ಕಳು ಐದು ಮೈಲಿ ಆಚೆಯ ಶಾಲೆಗೆ. ಅಂಕ ಸೋರಿಹೋಗುತ್ತಿದ್ದುದೆಲ್ಲ ಶಿಸ್ತಿನಲ್ಲಿ. ಆ ಮಕ್ಕಳ ಗಲಾಟೆ ತಾಳಲಾರದೆ ಸೂರಿನ ಪಾರಿವಾಳಗಳೇ ಊರು ಬಿಟ್ಟಿದ್ದವು.

ಏನಾದರಾಗಲಿ, ತಾತನಿಗೆ ಸಲ್ಲಬೇಕಾದ್ದು ಸಲ್ಲಲಿ ಎಂದು ಅವರು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಎರಡು ನಿಮಿಷ ಮೌನ ಎಂದರು. ನೂರಾಹತ್ತು ಮಕ್ಕಳು ತುಟಿ ಪಿಟಕ್ಕೆನ್ನಲಿಲ್ಲ. ಅಧಿಕಾರಿ ಗೇಟಿನೊಳಗೆ ಕಾಲಿಟ್ಟದ್ದು ಆಗಲೇ.

“ಏನ್ ಶಿಸ್ತು ಮೇಡಂ,” ಎಂದು ಅವರು ಪೆನ್ನು ತೆಗೆದರು. “ಹತ್ತಕ್ಕೆ ಹತ್ತು. ಯಾವ ವಿಧಾನ ಇದು?”

ಸುಮ್ಮನಿದ್ದರೆ ಶಾಲೆ ಉಳಿಯುತ್ತಿತ್ತು. ಆದರೆ ಸತ್ತವನ ಮೇಲೆ ಸುಳ್ಳು ಹೇಳಲು ಹೆಡ್‌ಮೇಡಂ ದೇವರಿಗೆ ಅಂಜಿದರು.

“ವಿಧಾನ ಏನಿಲ್ಲ ಸರ್. ನಮ್ಮ ಜವಾನ್ರು ತೀರ್ಕೊಂಡ್ರು.”

“ದಿನಾನೂ?”

“ಇಲ್ಲ ಸರ್. ಇವತ್ತೊಂದೇ ದಿನ.”

“ಹಾಗಾದ್ರೆ ಕಷ್ಟ. ದಿನಾ ಮಾಡೋ ಹಾಗಿರ್ಬೇಕು ಅಂತ ಫಾರಂನಲ್ಲಿದೆ.”

ಮುಂದಿನ ಸಾಲಿನ ಬಾಯಿಬಡುಕಿಯೊಬ್ಬಳು ಕೈಯೆತ್ತಿದಳು. “ದಿನಾ ನಿಲ್ತೀವಿ ಸರ್. ತಾತ ನಾಳೇನೂ ಸತ್ತೇ ಇರ್ತಾರಲ್ಲ.”

ಅಧಿಕಾರಿ ತಲೆ ಕೆರೆದುಕೊಂಡು ಯೋಚಿಸಿದರು. ಆ ಮಾತಿನಲ್ಲಿ ಹುಳುಕು ಸಿಗಲಿಲ್ಲ. ಬರೆದುಕೊಂಡು ಹೋದರು. ‘ಬಿ’ ದರ್ಜೆ ಬಂತು, ಶಾಲೆ ಉಳಿಯಿತು.

ತಿಂಗಳೊಳಗೆ ರಾಜಧಾನಿಯಿಂದ ಸುತ್ತೋಲೆ: ಎಲ್ಲ ಸರ್ಕಾರಿ ಶಾಲೆಗಳಲ್ಲೂ ಪ್ರತಿದಿನ ಎರಡು ನಿಮಿಷ ಮೌನ, ಮೃತರ ವಿವರ ಕಡ್ಡಾಯ. ಹೆಡ್‌ಮೇಡಂಗೆ ಫೋನಿನ ಮೇಲೆ ಫೋನು.

“ಅಕ್ಕಾ, ನಮ್ಮಲ್ಲಿ ಎಲ್ಲರೂ ಗುಂಡುಕಲ್ಲಿನ ಹಾಗಿದ್ದಾರೆ. ಏನಂತ ಬರೀಲಿ?” ಎಂದರು ಪಕ್ಕದೂರಿನ ಮೇಷ್ಟ್ರು. “ನಿಮ್ಮ ತಾತನ್ನೇ ಹಾಕ್ಕೊಳ್ಲಾ?”

“ಹಾಕ್ಕೊಳ್ಳಿ ತಮ್ಮಾ. ಆದ್ರೆ ಮನಸಿಟ್ಟು ನಿಲ್ಲಿ.”

ಬದುಕಿದ್ದಾಗ ಶಾಲೆಯ ಅಂಗಳದಾಚೆ ಯಾರಿಗೂ ಗೊತ್ತಿರದ ಮುದುಕನಿಗಾಗಿ ಈಗ ಮುನ್ನೂರು ಶಾಲೆಗಳು ಬೆಳಿಗ್ಗೆ ತಲೆ ತಗ್ಗಿಸುತ್ತವೆ. ಆ ಹೊತ್ತಿಗೆ ಹೆಡ್‌ಮೇಡಂ ಕಣ್ಣು ಮುಚ್ಚಿ ಕೈಮುಗಿಯುತ್ತಾರೆ: ದೇವರೇ, ಇಷ್ಟು ಮಕ್ಕಳು ಒಟ್ಟಿಗೆ ಸುಮ್ಮನಿರುವುದು ನಿನಗೂ ಅಪರೂಪವೇ. ಇದನ್ನು ನಮ್ಮ ತಾತನ ಲೆಕ್ಕಕ್ಕೆ ಹಿಡಿ. ಆ ದಣಿದ ಜೀವವನ್ನು ನಿನ್ನ ಪಾದದ ಬಳಿ ಕೂರಿಸಿಕೊಂಡು, ಅದಕ್ಕೆ ಶಾಂತಿ ಕೊಡು.