ರಾಜಪಾರ್ಟಿನ ಕರಿಯಪ್ಪ

ಕೆ.ಆರ್. ನಗರದ ಪಾರ್ಕಿನಲ್ಲಿ ಆ ಭಾನುವಾರ ಸಂಜೆ ನಾಟಕ. ಊರಿನ ಹವ್ಯಾಸಿಗಳದೇ ತಂಡ. ಗೊಬ್ಬರದಂಗಡಿಯ ಯತೀಶನೇ ರಾಜ. ಜನರೆಲ್ಲ ಹುಲ್ಲಿನ ಮೇಲೆ ಕೂತಿದ್ದರೆ, ರುಕ್ಮಿಣಮ್ಮ ಗಂಡ ಕರಿಯಪ್ಪನನ್ನು ಆಟೋದಲ್ಲಿ ಕರೆತಂದು ಮುಂದೆಯೇ ಕುರ್ಚಿ ಹಾಕಿಸಿ ಕೂರಿಸಿದ್ದಳು.

ಯತೀಶನಿಗೆ ಮೀಸೆ ಚಿಗುರುವ ಮೊದಲಿನಿಂದಲೂ ಆ ತಂಡದ ರಾಜಪಾರ್ಟು ಕರಿಯಪ್ಪನದೇ. ಹೋದ ವರ್ಷ ಲಕ್ವ ಹೊಡೆದು ಬಲಗೈ ಜೊತೆಗೆ ಮಾತೂ ಹೋಯಿತು. ಡಾಕ್ಟರ ಮಾತ್ರೆ, ನಾಟಿ ಔಷಧಿ, ಹರಕೆ, ಯಾವುದಕ್ಕೂ ನಾಲಿಗೆ ಜಗ್ಗಲಿಲ್ಲ. ಮೊದಲೆಲ್ಲ ಹಿತ್ತಿಲಲ್ಲಿದ್ದವಳನ್ನು ‘ರುಕ್ಕೂ’ ಎಂದು ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದ ಪುಣ್ಯಾತ್ಮ. ನಾಚಿಕೆಗೇಡು ಎಂದು ಅವಳು ಬೈಯುತ್ತಿದ್ದಳು. ಈಗ ಅದೊಂದು ಕೂಗಿಗೆ ಅವಳ ಜೀವ ಹಾತೊರೆಯುತ್ತಿತ್ತು. ಹಾರ್ಮೋನಿಯಂ ಕಿವಿಗೆ ಬಿದ್ದರೆ ಕಟ್ಟಿದ ನಾಲಿಗೆ ಬಿಚ್ಚಿಕೊಂಡೀತು ಎಂಬ ಹುಚ್ಚು ನಂಬಿಕೆಯಲ್ಲೇ ಅವನನ್ನು ಕರೆತಂದಿದ್ದಳು.

ಯುದ್ಧಕ್ಕೆ ಹೊರಟ ರಾಜ ರಾಣಿಗೆ ಹೇಳಿಹೋಗುವ ಸನ್ನಿವೇಶ ಬಂತು. ಜಾರುವ ಕಿರೀಟ ಹಿಡಿದುಕೊಳ್ಳುವ ಗಡಿಬಿಡಿಯಲ್ಲಿ ಯತೀಶ ಹಾಡನ್ನೇ ಮರೆತ. ಹಾರ್ಮೋನಿಯಂ ಮೇಷ್ಟ್ರು ಶಿವನಂಜಪ್ಪ ಮೊದಲ ಸಾಲನ್ನು ಮತ್ತೆ ಮತ್ತೆ ನುಡಿಸಿದರು. ಅವನು ಕಣ್ಣು ಕಣ್ಣು ಬಿಟ್ಟುಕೊಂಡು ನಿಂತ.

ಆಗ ಕುರ್ಚಿಯಿಂದ ದನಿ ಎದ್ದಿತು.

“ಹೋಗಿ ಬರುವೆನು ರಾಣಿ, ಬಾಗಿಲಲಿ ನಿಲ್ಲದಿರು…”

ಒಂದಕ್ಷರ ತಪ್ಪಲಿಲ್ಲ. ಜನ ಎದ್ದು ನಿಂತು “ವನ್ಸ್ ಮೋರ್!” ಎಂದು ಕೂಗಿದರು. ಕರಿಯಪ್ಪ ಮತ್ತೆ ಹಾಡಿದ.

“ಅಣ್ಣಂಗೆ ಮಾತ್ ಬಂತು ಕಣಕ್ಕ!” ಎಂದು ಶಿವನಂಜಪ್ಪ ಕಣ್ಣೊರೆಸಿಕೊಂಡರು.

ಇನ್ನು ನಾಟಕ ಯಾರಿಗೆ ಬೇಕು? ರುಕ್ಮಿಣಮ್ಮ ಗಂಡನ ತೋಳು ಹಿಡಿದು ಮೆಲ್ಲಗೆ ನಡೆಸಿಕೊಂಡು, ಗದ್ದಲದಿಂದಾಚೆ ಕಲ್ಲುಬೆಂಚಿನ ಮೇಲೆ ಕೂರಿಸಿದಳು. ಸೆರಗಿನಿಂದ ಅವನ ಮುಖ ಒರೆಸಿ ಎದುರಿಗೆ ಕೂತಳು.

“ರೀ, ಒಂದ್ಸಲ ನನ್ ಕರೀರಿ. ರುಕ್ಕೂ ಅನ್ನಿ.”

ಅವನು ಅವಳನ್ನೇ ನೋಡಿದ. ತುಟಿ ಸೊಟ್ಟಗಾಯಿತು. “ಬ… ಬ…” ಎಂದ.

“ಓಗ್ಲಿ ಬುಡಿ, ನನ್ ಎಸ್ರು ಬ್ಯಾಡ. ನೀರ್ ಬೇಕು ಅನ್ನಿ. ಏನಾರಾ ಅನ್ನಿ.”

ಕರಿಯಪ್ಪ ಎಡಗೈಯಿಂದ ಅವಳ ಮಣಿಕಟ್ಟು ಹಿಡಿದುಕೊಂಡ. ಕಣ್ಣಲ್ಲಿ ನೀರು ತುಂಬಿತು. ಅವಳು ಕೇಳಿದ್ದೆಲ್ಲ ಅವನಿಗೆ ಅರ್ಥವಾಗಿತ್ತು. ಉಸಿರು ಕಟ್ಟಿ, ಮುಖ ಕೆಂಪಗೆ ಮಾಡಿಕೊಂಡು ಬಾಯಿ ತೆರೆದ.

“ಹೋಗಿ ಬರುವೆನು ರಾಣಿ…”

ಬಂದದ್ದು ಹಾಡೊಂದೇ, ಮಾತಲ್ಲ ಎಂದು ಅವಳಿಗೆ ಆಗ ತಿಳಿಯಿತು. ಎದೆ ಒಡೆದುಹೋಯಿತು.

“ಬ್ಯಾಡಿ, ಸಾಕು ಸುಮ್ಕಿರಿ,” ಎಂದು ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳ ಅಂಗೈಯೊಳಗೂ ಅವನು ಹಾಡುತ್ತಲೇ ಇದ್ದ.