ಬಂಪರ್ ಮೇಲೆ ನಿಂತ ತಾತ

ಶೃತಿ ಅಂಗಳಕ್ಕೆ ನೀರು ಚೆಲ್ಲಿ ರಂಗೋಲಿಯ ಎಳೆ ಎಳೆಯುತ್ತಿದ್ದಾಗ, ಎದುರುಮನೆಯ ಗಂಗಲಕ್ಷ್ಮಮ್ಮ ಪಾತ್ರೆ ಹಿಡಿದು ಬೀದಿ ದಾಟಿ ಬರುವುದು ಕಾಣಿಸಿತು. ಎಳೆ ಅರ್ಧಕ್ಕೇ ನಿಂತಿತು. ಎದ್ದು ಒಳಗೆ ಹೋಗಿಬಿಡೋಣವೆನ್ನಿಸಿತು. ಆದರೆ ಮುದುಕಿ ಆಗಲೇ ನೋಡಿಬಿಟ್ಟಿದ್ದಳು.

"ಏಳ್ಬ್ಯಾಡ ಕಣಮ್ಮ, ಹಾಕ್ಕೋ. ಎಮ್ಮೆ ಕರ ಹಾಕೈತೆ, ಗಿಣ್ಣು ತಂದಿವ್ನಿ. ನಿಮ್ಮೆಜಮಾನ್ರು ಆವತ್ತು ಆಸ್ಪತ್ರೆಗೆ ಎತ್ಕಂಡು ಓಡ್ದೆ ಇದ್ದಿದ್ರೆ ನಮ್ಮ್ ಮುದ್ಕ ಏರಿ ಮೇಲೇ ಬಿದ್ದಿರ್ತಿತ್ತು."

ಶೃತಿಗೆ ಪಾತ್ರೆ ಮುಟ್ಟಲು ಕೈ ಬರಲಿಲ್ಲ.

ಹೋದ ವಾರ ಅವಳ ಗಂಡ ಚಂದ್ರಶೇಖರ್ ಕೊರಟಗೆರೆ ಕಡೆಯಿಂದ ಪಿಕಪ್‌ನಲ್ಲಿ ಬೇಲಿಗೆ ನೆಡುವ ಕಲ್ಲುಕೂಚ ತುಂಬಿಕೊಂಡು ಬಂದಿದ್ದ. ಎರಡು ಸಲಕ್ಕೆ ತರಬೇಕಾದದ್ದು ಒಂದೇ ಸಲಕ್ಕೆ. ಹಿಂದಿನ ಸ್ಪ್ರಿಂಗ್ ಪಟ್ಟಿಗೆ ಪ್ಲೇಟು ಜಾಸ್ತಿ ಹಾಕಿಸಿದ್ದರಿಂದ ಗಾಡಿ ಕುಗ್ಗಿದ್ದು ನೋಡುವವರಿಗೆ ತಿಳಿಯುತ್ತಿರಲಿಲ್ಲ. ತವರಿಗೆ ಹೋಗಿ ವಾಪಸ್ಸಾಗುತ್ತಿದ್ದ ಶೃತಿ, ಮಗಳು ಬಿಂದುಶ್ರೀಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದೆ ಕೂತಿದ್ದಳು. ಮಧುಗಿರಿಯಲ್ಲಿ ಬಸ್ಸು ತಪ್ಪಿಸಿಕೊಂಡು ನಿಂತಿದ್ದ ಗಂಗಲಕ್ಷ್ಮಮ್ಮನ ಗಂಡ ಸಿದ್ದಗಂಗಯ್ಯನನ್ನು ಹಿಂದೆ ಕಲ್ಲಿನ ಮೇಲೆ ಗೋಣಿಚೀಲ ಹಾಸಿ ಕೂರಿಸಿದರು.

ಊರ ಕೆರೆ ಏರಿ ಹತ್ತುವಾಗ ಹಿಂದಿನ ಭಾರಕ್ಕೆ ಗಾಡಿಯ ಮೂತಿ ಮೇಲೆದ್ದಿತು. ಸ್ಟೇರಿಂಗ್ ತಿರುಗಿಸಿದ ಕಡೆ ಚಕ್ರ ತಿರುಗದು. ಇಂಥ ಹೊತ್ತಿನಲ್ಲಿ ಮುಂದಿನ ಬಂಪರ್ ಮೇಲೆ ಒಬ್ಬರನ್ನು ನಿಲ್ಲಿಸಿದರೆ ಮೂತಿ ತಗ್ಗುತ್ತದೆಂಬುದು ಕಲ್ಲು ಸಾಗಿಸುವವರ ಮನೆಯಲ್ಲಿ ಎಲ್ಲರಿಗೂ ಗೊತ್ತು.

"ವಯಸ್ಸಾದೋರು, ಬ್ಯಾಡ. ಒಂದಷ್ಟು ಕಲ್ಲು ಇಳಿಸ್ತೀನಿ," ಎಂದ ಚಂದ್ರಶೇಖರ್, ಹಿಂದೆ ಕೂತಿದ್ದ ಸಿದ್ದಗಂಗಯ್ಯನನ್ನು ನೋಡಿ.

ಇಳಿಸಿ, ಮತ್ತೆ ಬಂದು ಹೇರಿಕೊಂಡು ಹೋಗುವಷ್ಟರಲ್ಲಿ ಮನೆಗೆಲಸವೆಲ್ಲ ಹಾಗೇ ಉಳಿಯುತ್ತದೆ. ಶೃತಿ ಕಿಟಕಿಯಿಂದ ತಲೆ ಹೊರಹಾಕಿ, "ತಾತ, ಏರಿ ದಾಟೋವರ್ಗೂ ಒಂಚೂರು ಮುಂದೆ ನಿಂತ್ಕಳ್ಳಿ. ನಿಮ್ ತೂಕಕ್ಕಾದ್ರೂ ಗಾಡಿ ಹೇಳ್ದಂಗೆ ಕೇಳ್ತದೆ," ಎಂದು ನಕ್ಕಳು. ಮನೆಮಗಳಂಥವಳು ಕೇಳಿದ ಮೇಲೆ ಇಲ್ಲವೆನ್ನುವುದು ಹೇಗೆ. ಮುದುಕ ಪಂಚೆ ಎತ್ತಿ ಕಟ್ಟಿ, ಇಳಿದು ಬಂದು ಹತ್ತಿ ನಿಂತ. ರಸ್ತೆಯ ಗುಂಡಿಗೆ ಇಳಿದ ಮೂತಿ ಮತ್ತೆ ಮೇಲೆದ್ದಾಗ ಅವನು ಅಲ್ಲಿರಲಿಲ್ಲ. ಸೊಂಟದ ಮೂಳೆ ಮುರಿದಿತ್ತು.

ಸೇರಿದ ಜನರಲ್ಲಿ ಯಾರೋ, "ಈ ವಯಸ್ಸಲ್ಲಿ ಅಲ್ಯಾಕೆ ಹತ್ತಿದ್ದೆ?" ಎಂದರು. ಸಿದ್ದಗಂಗಯ್ಯ ಶೃತಿಯ ಕಡೆ ಒಮ್ಮೆ ನೋಡಿ, "ನಾನೇ ಹತ್ತಿದ್ದು ಕಣ್ಲಾ," ಅಂದ. ಅವಳು ಬಾಯಿ ತೆರೆಯಲಿಲ್ಲ. ಊರಿಗೆ ಅದೇ ನಿಜವಾಯಿತು.

ಗಂಗಲಕ್ಷ್ಮಮ್ಮ ಈಗ ಜಗುಲಿಯ ಮೇಲೆ ಕೂತಿದ್ದಳು. "ಗಾಡಿ ಮುಂದೆ ನೇತಾಕ್ಕಳಕ್ಕೆ ನೀನೇನು ನಿಂಬೆಹಣ್ಣಾ ಅಂತ ಬೈದೆ. ಗ್ವಾಡೆ ಕಡೆ ಮಕ ಮಾಡ್ಕಂಡು ಮಲಗ್ತು. ಊರೆಲ್ಲ ಆಡ್ಕಂಡು ನಗ್ತದೆ, ನಾನೂ ಮಾತು ಬುಟ್ಬುಟ್ಟಿವ್ನಿ."

ಹೇಳಿಬಿಡಬೇಕು, ಈಗಲೇ. "ಬೈಬೇಡಿ ಅಜ್ಜಿ," ಎಂದಷ್ಟೇ ಶೃತಿಯ ಬಾಯಿಂದ ಬಂತು.

"ಬೈದೆ ಇನ್ನೇನು ಪೂಜೆ ಮಾಡ್ಲಾ? ಬಾ, ನಿಂತ್ಕೋ ಅಂತ ಯಾರಾನ ಕರೆದಿದ್ರಾ ಅವನ್ನ?"

ಬಿಂದುಶ್ರೀ ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತಿದ್ದಳು. ವಾರದಿಂದ ಅವಳು ಏನೋ ಕೇಳಲು ಹತ್ತಿರ ಬಂದಾಗಲೆಲ್ಲ ಶೃತಿ ಜಡೆ ಹಾಕುತ್ತೇನೆಂದೋ ಹಾಲು ಕುಡಿಯೆಂದೋ ಮಾತು ತಿರುಗಿಸಿದ್ದಳು.

"ಹೋಗು ಪುಟ್ಟಿ, ಬಾಯಿ ತೊಳ್ಕೋ," ಎಂದಳು ಈಗಲೂ, ಮೆತ್ತಗೆ.

ಮಗು ಚರಂಡಿಗೆ ನೊರೆ ಉಗಿದು, ಲಂಗದ ಅಂಚಿನಿಂದ ಬಾಯೊರೆಸಿಕೊಂಡು ತಾಯಿಯ ಎದುರು ಬಂದು ನಿಂತಿತು.

"ಅಮ್ಮ, ತಾತನ್ನ ಮುಂದೆ ನಿಂತ್ಕೋ ಅಂದಿದ್ದು ನೀನೇ ಅಲ್ವಾ?"