ಮೊದಲು ನಿಲ್ಲಿಸಿ, ಆಮೇಲೆ ಬಿಚ್ಚಿ

ನಮ್ಮ ಗುಡಾರದಲ್ಲಿ ರೇಡಿಯೋ ಬಾಯಿ ಮುಚ್ಚಿ ಹನ್ನೊಂದು ತಿಂಗಳಾಗಿತ್ತು.

ಗೋಬಿ ಮರುಭೂಮಿಯ ಅಂಚಿನಲ್ಲಿ ಕುರಿ ಮೇಯಿಸುವ ನಮಗೆ ರೇಡಿಯೋ ಇರುವುದು ಹಾಡು ಕೇಳಲಿಕ್ಕಲ್ಲ. ಮಧ್ಯಾಹ್ನ ಒಂದು ಗಂಟೆಗೆ ಒಬ್ಬ ಹೆಂಗಸು ಹವಾಮಾನ ಓದುತ್ತಾಳೆ. ಬಿರುಗಾಳಿ ಯಾವ ದಿಕ್ಕಿನಿಂದ, ಯಾವತ್ತು, ಹಿಮ ಎಷ್ಟು. ಅದನ್ನು ಕೇಳಿದವರು ಕುರಿಗಳನ್ನು ದೊಡ್ಡಿಯಲ್ಲೇ ಇಟ್ಟುಕೊಳ್ಳುತ್ತಾರೆ. ಕೇಳದವರು ಮೇಯಲು ಹೊಡೆದುಕೊಂಡು ಹೋಗುತ್ತಾರೆ.

ಈ ಚಳಿಗಾಲದ ಮೊದಲ ಬಿರುಗಾಳಿಗೆ ನಾವು ಕೇಳದವರಾಗಿದ್ದೆವು. ಆ ಬೆಳಿಗ್ಗೆ ಆಕಾಶ ತೊಳೆದಿಟ್ಟ ಬಟ್ಟಲಿನಂತಿತ್ತು. ನಮ್ಮವ್ವ ನೊರ್ಜ್ಮಾ ಕುರಿ ಹೊಡೆದುಕೊಂಡು ಹೋದಳು. ಸಿಕ್ಕಿದ್ದು ಮೂರನೇ ದಿನ. ಹೆಪ್ಪುಗಟ್ಟಿದ ಕುರಿಗಳ ನಡುವೆ, ಅವುಗಳನ್ನು ಎಣಿಸುತ್ತಿರುವವಳ ಹಾಗೆ ಕೂತಿದ್ದಳು. ರೇಡಿಯೋದಲ್ಲಿ ಎರಡು ದಿನ ಮೊದಲೇ ಹೇಳಿದ್ದರಂತೆ. ಸಾವಿಗೆ ಬಂದವರೆಲ್ಲ ನಮ್ಮನ್ನು ಅದನ್ನೇ ಕೇಳಿದರು: "ರೇಡಿಯೋದಲ್ಲಿ ಬಂದಿತ್ತಲ್ಲ, ಕೇಳ್ಲಿಲ್ವಾ?" ಹಾಗೆ ಕೇಳಿದವರ ಬಾಯಿಗೆ ಮಣ್ಣು ತುಂಬಬೇಕೆನಿಸಿತು. ಆದರೆ ಅವರು ಕೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ರೇಡಿಯೋ ಸುಮ್ಮನಾಗಲು ಕಾರಣ ನಾನು. ಅದನ್ನು ಮುಚ್ಚಿಡುವುದಿಲ್ಲ.

ಹೋದ ವರ್ಷ ನಮ್ಮಣ್ಣ ಶಾಗ್ದರ್ ಸಂತೆಯಿಂದ ಒಂದು ಹಳೆಯ ಗಾಳಿಯಂತ್ರ ತಂದ. ಮೂರು ರೆಕ್ಕೆ, ಒಂದು ಬಾಲ, ಆಳಿನ ಮೂರರಷ್ಟು ಎತ್ತರದ ಕಂಬ. ಗಾಳಿ ಬೀಸಿದರೆ ತಿರುಗುತ್ತದೆ, ತಿರುಗಿದರೆ ಬ್ಯಾಟರಿ ತುಂಬುತ್ತದೆ, ಬ್ಯಾಟರಿ ತುಂಬಿದರೆ ರೇಡಿಯೋ, ಒಂದು ದೀಪ. ಮಾರಿದವನು ಹೇಳಿದ್ದು ಇಷ್ಟೇ: "ಎತ್ತಿ ನಿಲ್ಸು, ತಂತಿ ಸಿಕ್ಸು, ಮರ್ತುಬಿಡು." ಜೊತೆಗಿದ್ದ ಕಾಗದ ಯಾವುದೋ ದೇಶದ ಭಾಷೆಯಲ್ಲಿತ್ತು. ಅಣ್ಣ ಅದರಲ್ಲಿ ನಶ್ಯ ಸುತ್ತಿಟ್ಟುಕೊಂಡ. "ಗಾಳಿ ಅಂದ್ರೆ ಏನು ಅಂತ ನಮಗೆ ಕಾಗದ ಹೇಳ್ಕೊಡ್ಬೇಕಾ? ಗಾಳಿಯಲ್ಲೇ ಹುಟ್ಟಿದೋರು ನಾವು" ಎಂದ. ನಾನೂ ನಕ್ಕೆ.

ವಸಂತದ ಗಾಳಿ ಶುರುವಾದ ಒಂದು ದಿನ ದೂರದವನೊಬ್ಬ ನಮ್ಮಲ್ಲಿ ಚಹಾಕ್ಕೆ ನಿಂತ. ಹೊರಡುವಾಗ ಅವನ ಜೀಪು ಸ್ಟಾರ್ಟ್ ಆಗಲಿಲ್ಲ. ಅಣ್ಣ ನನಗೆ ಕೂಗಿ ಹೇಳಿದ: "ನಮ್ಮ ಬ್ಯಾಟರಿ ಬಿಚ್ಕೊಂಡ್ ಬಾರೋ. ಮನೆಗೆ ಬಂದೋರಿಗೆ ನಡ್ಕೊಂಡ್ ಹೋಗು ಅನ್ನೋಕಾಗುತ್ತಾ?"

ನಾನು ಬಿಚ್ಚಿದೆ. ಮೇಲೆ ರೆಕ್ಕೆಗಳು ತಿರುಗುತ್ತಿದ್ದವು. ಅವುಗಳ ಕಡೆ ಕತ್ತೆತ್ತಿಯೂ ನೋಡಲಿಲ್ಲ.

ಜೀಪು ಹೊರಟುಹೋಯಿತು. ಬ್ಯಾಟರಿಯನ್ನು ವಾಪಸು ಒಳಗೆ ತರುವ ಮೊದಲೇ ಮೇಲಿನಿಂದ ಸಿಳ್ಳೆಯಂಥ ಸದ್ದು ಬಂತು. ಆಮೇಲೆ ಅದು ಸಿಳ್ಳೆಯಲ್ಲ, ಕಿರುಚಾಟ. ರೆಕ್ಕೆಗಳು ಕಣ್ಣಿಗೇ ಕಾಣುತ್ತಿರಲಿಲ್ಲ. ಕಂಬ ನಡುಗುತ್ತಿತ್ತು. ಕಂಬದ ಬಿಗಿತಂತಿಗಳಲ್ಲಿ ಎರಡನ್ನು ನಾವು ಕುದುರೆ ಕಟ್ಟುವ ಗೂಟಗಳಿಗೇ ಕಟ್ಟಿದ್ದೆವು, ತಂತಿ ಉದ್ದ ಸಾಲದೆಂದು. ಬೆದರಿದ ಕುದುರೆಗಳು ಎಳೆದಾಡಿದವು. ಅವು ಎಳೆದಷ್ಟೂ ಕಂಬ ಓಲಾಡಿತು.

ನಮ್ಮಣ್ಣನಂಥ ಕುಣಿಕೆಗೋಲಿನ ಆಳು ನಮ್ಮ ಸೀಮೆಯಲ್ಲಿ ಇರಲಿಲ್ಲ. ಉದ್ದನೆಯ ಕೋಲಿನ ತುದಿಗೆ ಹಗ್ಗದ ಕುಣಿಕೆ. ಓಡುವ ಕುದುರೆಯ ಮೇಲೆ ಕೂತೇ ಇನ್ನೊಂದು ಕುದುರೆಯ ಕತ್ತಿಗೆ ಹಾಕುವುದು. ಅವನು ತಪ್ಪಿದ್ದನ್ನು ನಾನು ನೋಡಿಯೇ ಇಲ್ಲ.

"ಬೇಡ್ವೋ ಮಗನೇ, ಹಾಳಾಗ್ಲಿ ಬಿಡೋ!" ಅವ್ವ ಕೂಗಿದಳು.

"ಇದೂ ಒಂದು ಹುಚ್ಚು ಕುದುರೆ ಅಷ್ಟೇ ಕಣವ್ವ. ಹಿಡೀತೀನಿ" ಎಂದು ಅಣ್ಣ ಕುದುರೆ ಹತ್ತಿದ. ಪಳಗದ ಕುದುರೆಮರಿ ಹಿಡಿಯುವಾಗ ಮಾಡುವ ಹಾಗೆ ಹಗ್ಗದ ತುದಿಯನ್ನು ಬಲಗೈಗೆ ಎರಡು ಸುತ್ತು ಸುತ್ತಿಕೊಂಡ. ಕೋಲೆತ್ತಿದ.

ಆ ಸಲವೂ ಗುರಿ ತಪ್ಪಲಿಲ್ಲ. ಕುಣಿಕೆ ಸರಿಯಾಗಿ ಬಿತ್ತು. ಕಣ್ಣು ಮಿಟುಕಿಸುವುದರೊಳಗೆ ಹಗ್ಗ ಸುತ್ತಿಕೊಂಡಿತು, ಕೋಲು ಚೂರಾಯಿತು, ಕಂಬ ನೆಲಕ್ಕೆ ಬಿತ್ತು. ಅಣ್ಣನ ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿಯಿತು.

ಅಲ್ಲಿಂದ ಅವನು ಕುದುರೆ ಹತ್ತಲಿಲ್ಲ. ಗಾಳಿಯಂತ್ರವನ್ನು ಹಳೆಯ ಉಣ್ಣೆಗಂಬಳಿಯಲ್ಲಿ ಸುತ್ತಿ ಗುಡಾರದ ಹಿಂದೆ ಎಸೆದೆವು. ಅಣ್ಣ ಮಾಡುತ್ತಿದ್ದ ಕೆಲಸ ಅವ್ವನ ತಲೆಗೆ ಬಂತು. ನಾನು ಕುದುರೆ, ಒಂಟೆಗಳ ಹಿಂದೆ. ಅವಳು ಕುರಿಗಳ ಹಿಂದೆ. ಅವಳು ಹೋದ ಮೇಲೆ ಅತ್ತಿಗೆ ಉಯಂಗಾ, ಅವ್ವನದೇ ಕುರಿತೊಗಲಿನ ನಿಲುವಂಗಿ ತೊಟ್ಟು ಉಳಿದ ಕುರಿಗಳ ಹಿಂದೆ ಹೊರಟಳು.

ಈ ಸಲ ಹೊಸವರ್ಷದ ಬಿಳಿ ತಿಂಗಳ ಹಬ್ಬ ಮಾಡಲಿಲ್ಲ. ಹಬ್ಬ ಕಳೆದ ವಾರಕ್ಕೆ ಅತ್ತಿಗೆ ಯಾರಿಗೂ ಹೇಳದೆ ಪೇಟೆಗೆ ಮಾತು ಕಳಿಸಿ ದರಿಮಾ ಅಕ್ಕನನ್ನು ಕರೆಸಿದಳು. ದರಿಮಾ ಅಕ್ಕ ಪೇಟೆಯಲ್ಲಿ ರೇಡಿಯೋ, ಬ್ಯಾಟರಿ, ಗಾಳಿಯಂತ್ರ ರಿಪೇರಿ ಮಾಡುವವಳು. ಗಂಡಸಿನ ಟೋಪಿ, ಹೆಗಲಿಗೆ ಸಲಕರಣೆಯ ಚೀಲ. ಬಂದವಳೇ ಒಲೆಯ ಹತ್ತಿರ ಕೂತಳು.

ಅಣ್ಣನಿಗೆ ಚೀಲ ನೋಡಿದ ಕೂಡಲೇ ಗೊತ್ತಾಯಿತು.

"ಬಾ ಅಕ್ಕ, ಚಹಾ ಕುಡಿ. ಆ ಚೀಲ ಮಾತ್ರ ಹೊರಗಿಡು."

"ಹೊರಗಿಟ್ರೆ ಮೇಕೆ ತಿನ್ನುತ್ತೆ ಕಣೋ."

"ತಿನ್ಲಿ ಬಿಡು. ಮೇಕೆಗೆ ಬೆರಳಿಲ್ಲ, ಕಳ್ಕೊಳ್ಳೋಕೆ ಏನೂ ಇಲ್ಲ."

ಯಾರೂ ನಗಲಿಲ್ಲ. ಅಣ್ಣನ ದನಿ ಏರಿತು. "ಆ ದೆವ್ವನ ಮತ್ತೆ ನಿಲ್ಸೋದಾದ್ರೆ ನನ್ನ ಹೆಣ ಬಿದ್ಮೇಲೆ ನಿಲ್ಸಿ."

ಅತ್ತಿಗೆ ಚಹಾ ಸುರಿಯುತ್ತಿದ್ದವಳು ನಿಲ್ಲಿಸಿದಳು. "ನಿನ್ನ ಹೆಣ ಯಾಕ್ ಬೀಳುತ್ತೆ? ನೀನು ಇಲ್ಲೇ ಒಲೆ ಮುಂದೆ ಇರ್ತೀಯ. ಕುರಿ ಹಿಂದೆ ಹೋಗೋಳು ನಾನು."

"ಆಕಾಶ ನೋಡ್ಕೊಂಡ್ ಹೋಗು ಅಂತ ದಿನಾ ಹೇಳ್ತಿಲ್ವಾ?"

"ದಿನಾ ನೋಡೇ ಹೋಗ್ತೀನಿ. ಅತ್ತೆನೂ ನೋಡೇ ಹೋಗಿದ್ರು."

ದರಿಮಾ ಅಕ್ಕ ಒಲೆಗೆ ಒಣಸಗಣಿಯ ಕುಳ್ಳೆರಡು ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅವತ್ತು ಬ್ಯಾಟರಿ ಬಿಚ್ಚಿದ್ದು ಯಾರು?"

"ನಾನು."

"ಮೇಲೆ ತಿರುಗ್ತಿತ್ತಾ?"

"ತಿರುಗ್ತಿತ್ತು."

"ಬ್ಯಾಟರಿ ಅಂದ್ರೆ ಅದರ ಬೆನ್ನ ಮೇಲಿನ ಭಾರ ಕಣೋ. ಸವಾರ ಇದ್ದ ಹಾಗೆ. ಭಾರ ಇರೋವರೆಗೂ ಹದದಲ್ಲಿ ಓಡುತ್ತೆ. ಓಡ್ತಿರೋವಾಗ ಸವಾರನ್ನ ಕೆಳಗೆ ತಳ್ಳಿಬಿಟ್ರೆ?"

ಉತ್ತರ ಅಣ್ಣನ ಬಾಯಿಂದ ಬಂತು, ಬೇಡದ ಮನಸ್ಸಿನಿಂದ: "ಹುಚ್ಚೇಳುತ್ತೆ."

"ಅಷ್ಟೇ ಆಗಿದ್ದು. ದೆವ್ವನೂ ಇಲ್ಲ, ಶಾಪನೂ ಇಲ್ಲ. ಇದರ ಜೊತೆ ನಿಲ್ಲಿಸೋ ಸ್ವಿಚ್ಚೊಂದು ಬರ್ಬೇಕಿತ್ತು. ನಿಮಗೆ ಮಾರಿದೋನು ಕಳ್ದಿದಾನೆ, ಇಲ್ಲ ಕಿತ್ಕೊಂಡಿದಾನೆ. ಮೊದಲು ಸ್ವಿಚ್ಚು ಒತ್ತಿ ರೆಕ್ಕೆ ನಿಲ್ಲಿಸ್ಬೇಕು. ನಿಂತಿದ್ದನ್ನ ಕಣ್ಣಾರೆ ನೋಡ್ಬೇಕು. ಆಮೇಲೆ ಬ್ಯಾಟರಿಗೆ ಕೈ ಹಾಕ್ಬೇಕು. ವಾಪಸು ಹಾಕುವಾಗ ಮೊದಲು ಬ್ಯಾಟರಿ ಸಿಕ್ಸಿ, ಆಮೇಲೆ ರೆಕ್ಕೆ ಬಿಡ್ಬೇಕು."

"ಇಷ್ಟೇನಾ?" ಎಂದೆ.

"ಇಷ್ಟೇ."

ಹೊರಗೆ ಹೋಗಿ ಕುಳ್ಳಿನ ಬುಟ್ಟಿಯನ್ನು ಒದ್ದೆ. ಕುಳ್ಳೆಲ್ಲ ಹಿಮದ ಮೇಲೆ ಚೆಲ್ಲಾಡಿತು. ಎರಡು ಮಾತು! ಎರಡೇ ಮಾತು ಹೇಳಲು ಆ ಮಾರಾಟಗಾರನ ನಾಲಿಗೆಗೆ ಏನು ಲಕ್ವ ಹೊಡೆದಿತ್ತು? ಕೇಳಲು ನಮ್ಮ ನಾಲಿಗೆಗೆ ಏನಾಗಿತ್ತು? ಕುಳ್ಳು ಒಂದೊಂದಾಗಿ ಆರಿಸಿ ತುಂಬುವಾಗಲೂ ಸಿಟ್ಟು ಇಳಿಯಲಿಲ್ಲ. ಈಗಲೂ ಇಳಿದಿಲ್ಲ.

ಮರುದಿನ ಬೆಳಿಗ್ಗೆ ಒಣಹುಲ್ಲೂ ಅಲುಗದಷ್ಟು ಗಾಳಿ ನಿಂತಿತ್ತು. "ಕಂಬ ಎತ್ತೋದು, ಇಳಿಸೋದು ಇಂಥ ಹೊತ್ತಲ್ಲೇ. ಗಾಳಿ ಇದ್ರೆ ಮುಟ್ಲೂಬಾರದು" ಎಂದು ದರಿಮಾ ಅಕ್ಕ ನಮ್ಮನ್ನು ಎಬ್ಬಿಸಿದಳು. ಅಣ್ಣ ಬಾಗಿಲ ಬಳಿ ನಮಗೆ ಬೆನ್ನು ಮಾಡಿ ಕೂತ. ಬೇಡವೆಂದೂ ಅನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ.

ಹಳೆಯ ಜಾಗ ನೋಡಿ ದರಿಮಾ ಅಕ್ಕ ತಲೆ ಚಚ್ಚಿಕೊಂಡಳು. "ಬಿಗಿತಂತಿನ ಕುದುರೆ ಗೂಟಕ್ಕೆ ಕಟ್ಟಿದ್ರಾ? ಯಾರ ಬುದ್ಧಿ ಇದು?"

"ನಂದೇ" ಎಂದ ಅಣ್ಣ, ತಿರುಗದೆ.

"ನಿನ್ನ ಬೆರಳ ಜೊತೆ ಬುದ್ಧಿನೂ ಹೋಗಿದೆ ಅಂದ್ಕೊಂಡಿದ್ದೆ. ಅದು ಮೊದಲೇ ಹೋಗಿತ್ತು ನೋಡು."

ಎಷ್ಟೋ ತಿಂಗಳ ಮೇಲೆ ಅಣ್ಣನ ಹೆಗಲು ಸ್ವಲ್ಪ ಅಲುಗಿತು. ನಗುವೋ ಏನೋ, ನನಗೆ ಮುಖ ಕಾಣಲಿಲ್ಲ.

ಅಕ್ಕ ಮುರಿದ ರೆಕ್ಕೆಗಳನ್ನು ಬದಲಾಯಿಸಿದಳು. ಕಂಬಕ್ಕೆ ಹೊಸ ಜಾಗ ಹುಡುಕಿದೆವು. ಗುಡಾರದಿಂದ, ದೊಡ್ಡಿಯಿಂದ ಕಂಬದ ಎತ್ತರದ ಎರಡರಷ್ಟು ದೂರ. ಯಾವ ಕಡೆ ಬಿದ್ದರೂ ಬರೀ ನೆಲದ ಮೇಲೆ ಬೀಳಬೇಕು. ನಾಲ್ಕು ಕಬ್ಬಿಣದ ಗೂಟಗಳನ್ನು ಕಂಬದಿಂದ ಹೊರಕ್ಕೆ ವಾಲಿಸಿ ಹೊಡೆದೆವು. ನೆಲ ಹೆಪ್ಪುಗಟ್ಟಿತ್ತು. ಬೆಂಕಿ ಹಾಕಿ ಮೆತ್ತಗೆ ಮಾಡಿಕೊಂಡು ಹೊಡೆಯಬೇಕಾಯಿತು. ತಂತಿಗಳಿಗೆ ಅತ್ತಿಗೆ ಕೆಂಪು ಬಟ್ಟೆಯ ಚೂರು ಕಟ್ಟಿದಳು, ಕುದುರೆ ಮೇಲೆ ಬರುವವರ ಕತ್ತಿಗೆ ಸಿಗದಿರಲೆಂದು. ಎತ್ತುವಾಗ ಅಕ್ಕ ಗದರಿದಳು: "ಕಂಬದ ಕೆಳಗೆ ಯಾರೂ ನಿಲ್ಬೇಡಿ! ಕೈ ಜಾರಿದ್ರೆ ಅದು ನೆಂಟಸ್ತಿಕೆ ನೋಡಲ್ಲ."

ಬ್ಯಾಟರಿಯನ್ನು ನಾವು ಹಿಂದೆಲ್ಲ ಒಲೆಯ ಪಕ್ಕ ಮಂಚದ ಕೆಳಗೆ ಇಡುತ್ತಿದ್ದೆವು, ಬೆಚ್ಚಗಿರಲೆಂದು. ಅಕ್ಕ ಅದನ್ನು ಕೇಳಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ತುಂಬುವಾಗ ಅದರಿಂದ ಹೊತ್ತಿಕೊಳ್ಳೋ ಗಾಳಿ ಬರುತ್ತೆ ಕಣ್ರೋ. ಒಂದು ಕಿಡಿ ಸಾಕು." ಬಾಗಿಲ ಬಳಿ, ಒಲೆಯಿಂದ ದೂರ, ಮರದ ಪೆಟ್ಟಿಗೆಯಲ್ಲಿ ಇಡಿಸಿದಳು. ಸುತ್ತ ಕುರಿತೊಗಲು, ಆದರೆ ಮೇಲೆ ಗಾಳಿಯಾಡುವಂತೆ ತೆರೆದೇ ಬಿಟ್ಟಳು. ತಂತಿಗೆ ಫ್ಯೂಸ್ ಹಾಕಿದಳು. ನೀರು ಕಡಿಮೆಯಾದರೆ ಹಿಮ ಕರಗಿಸಿ ಹಾಕಬೇಡಿ, ಬ್ಯಾಟರಿ ನೀರನ್ನೇ ಪೇಟೆಯಿಂದ ತನ್ನಿ ಎಂದು ಅತ್ತಿಗೆಗೆ ಎರಡು ಸಲ ಹೇಳಿದಳು.

ಕೊನೆಗೆ ಬಾಗಿಲ ಚೌಕಟ್ಟಿಗೆ ಒಂದು ದಪ್ಪ ಸ್ವಿಚ್ಚು ಬಡಿದು ಕೂಗಿದಳು: "ಶಾಗ್ದರ್, ಏಳು. ಇದು ನಿನ್ನ ಕೆಲಸ."

"ನನಗ್ಯಾವ ಕೆಲಸ ಇದೆ ಅಕ್ಕ? ಈ ಕೈಲಿ ಚಹಾ ಬಟ್ಟಲು ನಿಲ್ಲಲ್ಲ."

"ಎಡಗೈ ಇದೆಯಲ್ಲ. ಇದಕ್ಕೆ ಒಂದು ಬೆರಳು ಸಾಕು."

ಮಧ್ಯಾಹ್ನಕ್ಕೆ ಸಣ್ಣಗೆ ಗಾಳಿ ಎದ್ದಿತು. ರೆಕ್ಕೆ ತಿರುಗತೊಡಗಿತು. ಸದ್ದು ಕಿವಿಗೆ ಬಿದ್ದಾಗ ಅಣ್ಣನ ಮುಖ ಬಿಳಿಚಿಕೊಂಡಿತು. ಆದರೂ ಎದ್ದ. ಎಡಗೈಯ ಒಂದು ಬೆರಳಿಂದ ಸ್ವಿಚ್ಚು ಒತ್ತಿದ. ರೆಕ್ಕೆ ನಿಧಾನವಾಯಿತು, ತೆವಳಿತು, ನಿಂತಿತು. ಮತ್ತೆ ಬಿಟ್ಟ, ತಿರುಗಿತು. ಮತ್ತೆ ಒತ್ತಿದ, ನಿಂತಿತು. ಏಳೆಂಟು ಸಲ ಹಾಗೇ ಮಾಡಿದ.

ಆಮೇಲೆ ಗುಡಾರದ ಹಿಂದೆ ಹೋದ. ನಾನು ಹಿಂದೆಯೇ ಹೋದೆ. ಗಾಳಿಗೆ ಮುಖ ಕೊಟ್ಟು ನಿಂತಿದ್ದ.

"ಒಂದು ಬೆರಳು ಸಾಕಾಗಿತ್ತಲ್ಲೋ" ಎಂದ. ಅವ್ವನ ಹೆಸರು ಹೇಳಲಿಲ್ಲ. ಹೇಳದೆಯೂ ಕೇಳಿಸಿತು.

ಸಂಜೆ ಅಕ್ಕ ಹೊರಡುವಾಗ ಅಣ್ಣನೇ ಕೇಳಿದ: "ಬಿರುಗಾಳಿ ನಡುವೆ ಮತ್ತೆ ಹುಚ್ಚೆದ್ರೆ? ಆಗ ಒತ್ತಿದ್ರೆ ನಿಲ್ಲುತ್ತಾ?"

"ನಿಲ್ಲೋದು ಖಾತ್ರಿ ಇಲ್ಲ, ಒಳಗೆ ಸುಟ್ಟೂ ಹೋಗ್ಬಹುದು. ಅದಕ್ಕೇ ಬಿರುಗಾಳಿ ಬರೋಕೆ ಮುಂಚೆ, ಗಾಳಿ ಸಣ್ಣಗಿರೋವಾಗ್ಲೇ ನಿಲ್ಸು. ಬ್ಯಾಟರಿ ಹಾಗೇ ಸಿಕ್ಕಿರ್ಲಿ. ಮೀರಿ ಹುಚ್ಚೆದ್ರೆ ಹತ್ರ ಹೋಗ್ಬೇಡ. ಜನ, ದನ ಎಲ್ಲಾನೂ ದೂರ ಮಾಡು. ಮುರೀಲಿ ಬಿಡು. ರೆಕ್ಕೆ ನಾನು ಮತ್ತೆ ತಂದ್ಕೊಡ್ತೀನಿ. ನಿನ್ನ ಇನ್ನೊಂದು ಕೈ ನನ್ನ ಅಂಗಡೀಲಿಲ್ಲ."

ಇಪ್ಪತ್ತು ದಿನ ಕಳೆಯಿತು. ಒಂದು ಮಧ್ಯಾಹ್ನ ರೇಡಿಯೋ ಹೆಂಗಸು ಹೇಳಿದಳು: ನಾಳೆ ಸಂಜೆಯಿಂದ ವಾಯವ್ಯದ ಬಿರುಗಾಳಿ, ಎರಡು ದಿನ, ಯಾರೂ ಹಿಂಡು ಬಿಡಬೇಡಿ. ಹೊರಗೆ ಬಿಸಿಲು ಕಣ್ಣು ಕುಕ್ಕುವಷ್ಟಿತ್ತು. ಮರುದಿನ ಅತ್ತಿಗೆ ನಿಲುವಂಗಿಯನ್ನು ಗೂಟದಿಂದ ತೆಗೆಯಲಿಲ್ಲ. ನಾನು ಗುಡ್ಡದಾಚೆಯ ಎರಡು ಗುಡಾರಗಳಿಗೆ ಹೋಗಿ ಹೇಳಿ ಬಂದೆ. ಗಾಳಿ ಇನ್ನೂ ಸಣ್ಣಗಿದ್ದಾಗಲೇ ಅಣ್ಣ ಸ್ವಿಚ್ಚು ಒತ್ತಿದ. ರೆಕ್ಕೆ ನಿಂತದ್ದನ್ನು ನೋಡಿಕೊಂಡು ಒಳಗೆ ಬಂದ.

ಎರಡು ದಿನ ಐದು ಹೆಜ್ಜೆಯಾಚೆ ಏನೂ ಕಾಣಲಿಲ್ಲ. ಗುಡಾರ ನರಳಿತು. ಕಂಬ ನಿಂತೇ ಇತ್ತು. ಮೊದಲೇ ತುಂಬಿಟ್ಟಿದ್ದ ಬ್ಯಾಟರಿ ರೇಡಿಯೋಗೆ ಸಾಕಾಯಿತು. ಮೂರನೇ ಬೆಳಿಗ್ಗೆ ದೊಡ್ಡಿಯ ಬಾಗಿಲಿನ ಹಿಮ ಅಗೆದು ನೋಡಿದರೆ ಕುರಿಗಳೆಲ್ಲ ಇದ್ದವು. ಅತ್ತಿಗೆ ಇದ್ದಳು. ಏನೂ ಆಗಿರಲಿಲ್ಲ.

ಅವತ್ತು ಅತ್ತಿಗೆ ಕುರಿಗಳ ನಡುವೆ ಕೂತು ಜೋರಾಗಿ ಅತ್ತಳು. ಅವ್ವ ಸತ್ತ ದಿನ ಅತ್ತದ್ದಕ್ಕಿಂತ ಹೆಚ್ಚು. ಯಾಕೆಂದು ನಾವು ಕೇಳಲಿಲ್ಲ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಓದು ಬಾರದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇನ್ನೊಂದು ಸಲ ಜೋರಾಗಿ ಓದಿ. ಗಾಳಿಯಂತ್ರ ಬೇಡವೆಂದು ನಾನು ಹೇಳುವುದಿಲ್ಲ. ಅದಿಲ್ಲದೆ ನಮ್ಮವ್ವ ಹೋದಳು. ಅದನ್ನು ತಿಳಿಯದೆ ಎತ್ತಿ ನಿಲ್ಲಿಸಬೇಡಿ, ತಿಳಿಯದೆ ಮುಟ್ಟಬೇಡಿ. ಗಾಳಿ ನಮ್ಮದು, ಕುದುರೆ ನಮ್ಮದು ಎಂಬ ಜಂಬವನ್ನು ಅದರ ಮುಂದೆ ತೋರಿಸಬೇಡಿ. ಈಗಾಗಲೇ ಮನೆಯ ಮುಂದೆ ಒಂದು ತಿರುಗುತ್ತಿದ್ದರೆ ಇವತ್ತೇ ಹೋಗಿ ನೋಡಿ: ಸ್ವಿಚ್ಚು ಇದೆಯೇ, ಮನೆಯ ಪ್ರತಿಯೊಬ್ಬರಿಗೂ ಅದನ್ನು ಒತ್ತಲು ಬರುತ್ತದೆಯೇ, ಬ್ಯಾಟರಿ ಒಲೆಯಿಂದ ದೂರವಿದೆಯೇ. ಇನ್ನು ಕೊಳ್ಳಲು ಹೋಗುವವರು ಎಷ್ಟು ಕರೆಂಟು ಕೊಡುತ್ತದೆಂದು ಆಮೇಲೆ ಕೇಳಿ. ಮೊದಲು ಮಾರುವವನ ಕಣ್ಣಲ್ಲಿ ಕಣ್ಣಿಟ್ಟು ಕೇಳಿ: ಇದನ್ನು ನಿಲ್ಲಿಸುವುದು ಹೇಗೆ, ತೋರಿಸು. ಅವನು ತಡವರಿಸಿದರೆ ಒಂದು ಮಾತೂ ಆಡದೆ ಕುದುರೆ ಹತ್ತಿ ಮನೆಗೆ ಬನ್ನಿ. ಎರಡು ಕೈಯಲ್ಲೂ ಲಗಾಮು ಹಿಡಿದು ಬನ್ನಿ.